ಬಿಸಿಲು ಕಂಡರೆ ಬೆಚ್ಚುವ ಊರು

ಫೋನಿನ ಹವಾಮಾನದ ಆ್ಯಪ್‌ನಲ್ಲಿ ಒಬ್ಬ ಹಳದಿ ಸೂರ್ಯ ಇರುತ್ತಾನಲ್ಲ, ಅವನಷ್ಟು ದಾರಿ ತಪ್ಪಿಸುವ ಚಿತ್ರ ಇನ್ನೊಂದಿಲ್ಲ. ಜನವರಿ ಬಂತೆಂದರೆ ನನ್ನ ಫೋನಿನಲ್ಲಿ ಮೂಡಿಗೆರೆಗೂ ವಿನ್ನಿಪೆಗ್‌ಗೂ ಅವನೇ. ಮೂಡಿಗೆರೆಯ ಸೂರ್ಯನನ್ನು ನೋಡಿ ನಮ್ಮ ಮನೆಯವರು ಕಣದಲ್ಲಿ ಕಾಫಿ ಹಣ್ಣು ಹರವಲು ಹೇಳುತ್ತಾರೆ. ವಿನ್ನಿಪೆಗ್‌ನ ಸೂರ್ಯನನ್ನು ನೋಡಿ ಮಗಳು "ಅಯ್ಯೋ, ನಾಳೆ ನನ್ ಕಥೆ ಮುಗೀತು" ಅನ್ನುತ್ತಾಳೆ.

ವಿನ್ನಿಪೆಗ್ ಕೆನಡಾದ ನಟ್ಟನಡುವೆ ಇರುವ ಊರು, ಮ್ಯಾನಿಟೋಬಾ ಪ್ರಾಂತ್ಯದ ರಾಜಧಾನಿ. ಅಲ್ಲಿ ಜನವರಿಯಲ್ಲಿ ಮೋಡ ಕವಿದು ಹಿಮ ಸುರಿಯುತ್ತಿದೆ ಎಂದರೆ ಸಾಮಾನ್ಯವಾಗಿ ಅದು ಕೊಂಚ ಹಿತವಾದ ದಿನ. ಮೈನಸ್ 8, ಮೈನಸ್ 10. ಜನ ಜಾಕೆಟ್ಟಿನ ಜಿಪ್ಪು ಬಿಚ್ಚಿಕೊಂಡು ಓಡಾಡುತ್ತಾರೆ. ಆಕಾಶ ಅಚ್ಚ ನೀಲಿ ಆಯಿತೋ, ಉತ್ತರ ಧ್ರುವದ ಕಡೆಯ ಒಣ, ಭಾರದ ಗಾಳಿ ಬಂದು ಬೀಡು ಬಿಟ್ಟಿದೆ ಎಂದರ್ಥ. ಮೋಡ ಇದ್ದಿದ್ದರೆ ನೆಲಕ್ಕೆ ಕಂಬಳಿ ಹೊದಿಸಿದ ಹಾಗೆ ಇರುತ್ತಿತ್ತು; ಅದಿಲ್ಲದೆ ಇದ್ದಬದ್ದ ಬಿಸಿಯೆಲ್ಲ ರಾತ್ರಿ ಮೇಲಕ್ಕೆ ಹೋಗಿಬಿಡುತ್ತದೆ. ಹಗಲು ಸೂರ್ಯ ಬಂದು ಸರಿಮಾಡುತ್ತಾನೆ ಅನ್ನೋಣವೇ? ಜನವರಿ ಮಧ್ಯದಲ್ಲಿ ಅವನು ನಡುಮಧ್ಯಾಹ್ನಕ್ಕೂ ದಿಗಂತದಿಂದ ಇಪ್ಪತ್ತು ಡಿಗ್ರಿ ಏರುವುದಿಲ್ಲ. ಬಂದಷ್ಟು ಬೆಳಕನ್ನೂ ಬಿಳಿ ನೆಲ ವಾಪಸ್ ಕಳಿಸುತ್ತದೆ. ಹೀಗಾಗಿ ಕಣ್ಣು ಕುಕ್ಕುವ ಬಿಸಿಲು, ಮೈನಸ್ 30.

ಇದು ನಮಗೆ ಗೊತ್ತಿಲ್ಲದ ಸಂಗತಿಯೇನೂ ಅಲ್ಲ. ಡಿಸೆಂಬರ್‌ನಲ್ಲಿ ಮೋಡ ಇದ್ದ ರಾತ್ರಿ ಮಲೆನಾಡಿನಲ್ಲೂ ಚಳಿ ಕಡಿಮೆ, ನಕ್ಷತ್ರ ಕಾಣುವ ರಾತ್ರಿಯೇ ಹಲ್ಲು ಕಟಕಟ ಅನ್ನುವುದು. ನಮ್ಮಲ್ಲಿ ಅದು ಒಂದು ಸ್ವೆಟರಿನ ವ್ಯತ್ಯಾಸ, ಅಷ್ಟೇ. ಬೆಳಿಗ್ಗೆ ಬಚ್ಚಲ ಒಲೆಗೆ ಎರಡು ಕೊಳ್ಳಿ ಜಾಸ್ತಿ ತುರುಕಿದರೆ ಮುಗಿಯಿತು.

ನೆಂಟರು ಫೋನ್ ಮಾಡಿದಾಗ ಮಗಳನ್ನು ಕೇಳುವ ಮೊದಲ ಮಾತು, "ಎಷ್ಟಿದೆ ಇವತ್ತು ಅಲ್ಲಿ?" ಮೈನಸ್ 30 ಅಂದರೆ ಈ ಕಡೆಯಿಂದ ಒಂದು ಅಬ್ಬಬ್ಬಾ. ಹಾಸನದಲ್ಲಿರುವ ನನ್ನ ನಾದಿನಿಗಂತೂ ಅಂಕಿ ಕೆಳಗಿಳಿದಷ್ಟೂ ಖುಷಿ, ಮೈನಸ್ 12 ಅಂದರೆ "ಅಷ್ಟೇನಾ?" ಅಂತ ನಿರಾಸೆ ಮಾಡಿಕೊಳ್ಳುತ್ತಾಳೆ. 2013ರ ಡಿಸೆಂಬರ್ 31ರಂದು ವಿನ್ನಿಪೆಗ್ ಮಂಗಳ ಗ್ರಹಕ್ಕಿಂತ ತಣ್ಣಗಿತ್ತು ಎಂದು ಸುದ್ದಿಯಾಗಿತ್ತು. ಮಂಗಳನ ಮೇಲೆ ಓಡಾಡುವ ಕ್ಯೂರಿಯಾಸಿಟಿ ಎಂಬ ಯಂತ್ರಗಾಡಿ ಅಳೆದ ಹಗಲಿನ ಗರಿಷ್ಠ ಮೈನಸ್ 29, ವಿನ್ನಿಪೆಗ್ ಅದಕ್ಕಿಂತ ಕೆಳಗೆ. ಮಂಗಳನ ರಾತ್ರಿಯ ಲೆಕ್ಕ ಯಾರೂ ಎತ್ತಲಿಲ್ಲ ಅನ್ನಿ. ಆ ಸುದ್ದಿಯನ್ನು ನಾದಿನಿ ಇವತ್ತಿಗೂ ಮದುವೆಮನೆಗಳಲ್ಲಿ ಹೇಳುತ್ತಾಳೆ.

ಅಲ್ಲಿ ಬದುಕುವವರು ಮಾತ್ರ ಆ ಅಂಕಿಯನ್ನು ಅಷ್ಟಾಗಿ ನೋಡುವುದಿಲ್ಲ. ಮೊಮ್ಮಗ ಹುಟ್ಟಿದ ಚಳಿಗಾಲ ಬಾಣಂತನಕ್ಕೆ ಹೋಗಿದ್ದಾಗ ನಾನು ಗಮನಿಸಿದ್ದು ಇದನ್ನೇ. ಮಗಳ ಕಣ್ಣು ಮೊದಲು ಗಾಳಿಯ ಸಾಲಿಗೆ ಹೋಗುತ್ತದೆ, ಆಮೇಲೆ ಗಂಟೆಗಂಟೆಯ ಪಟ್ಟಿಗೆ. ಅವಳಿಗೆ ಬೇಕಾದ್ದು ಇಡೀ ದಿನದ ಚಳಿ ಅಲ್ಲ. ಬೆಳಿಗ್ಗೆ ಎಂಟಕ್ಕೆ, ಬಸ್ ಸ್ಟಾಪಿನಲ್ಲಿ ನಿಲ್ಲುವ ಹೊತ್ತಿಗೆ, ಎಷ್ಟು ಗಾಳಿ ಅನ್ನುವುದು. ಆ ಊರು ನಮ್ಮ ಬಯಲುಸೀಮೆಗಿಂತ ಚಪ್ಪಟೆ. ಗಾಳಿಗೆ ಅಡ್ಡ ಬರುವಂಥದ್ದು ಒಂದು ದಿಣ್ಣೆಯೂ ಇಲ್ಲ. ಮೈನಸ್ 22 ಇದ್ದು ಗಾಳಿ ಗಂಟೆಗೆ 25 ಕಿ.ಮೀ. ಬೀಸಿದರೆ ಮುಖದ ಚರ್ಮಕ್ಕೆ ಅದು ಮೈನಸ್ 34ರ ಲೆಕ್ಕ. ಹಾಗಂದರೆ ಏನು? ಕೆನಡಾದ ಹವಾಮಾನ ಇಲಾಖೆ ಅದನ್ನು ನಿಮಿಷಕ್ಕೆ ಇಳಿಸಿ ಹೇಳುತ್ತದೆ: ಈ ಮಟ್ಟದಲ್ಲಿ ಮುಚ್ಚದೆ ಬಿಟ್ಟ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೈನಸ್ 40 ದಾಟಿದರೆ 5ರಿಂದ 10 ನಿಮಿಷ. ಬಸ್ಸು ಹತ್ತು ನಿಮಿಷ ತಡವಾದರೆ ಏನಾಗುತ್ತದೆ ಅನ್ನುವ ಪ್ರಶ್ನೆಗೆ ಇದು ಉತ್ತರ. ಡಿಗ್ರಿ ಅದಕ್ಕೆ ಉತ್ತರ ಕೊಡುವುದಿಲ್ಲ.

ಚಳಿಗೆ ಗಾಳಿಯನ್ನೂ ಸೇರಿಸುವ ಈ ಲೆಕ್ಕ ಹುಟ್ಟಿದ ಬಗೆ ನನಗೆ ಬಹಳ ಇಷ್ಟ. 1928ರಲ್ಲಿ ಧ್ರುವಯಾತ್ರಿ ರಿಚರ್ಡ್ ಬರ್ಡ್ ಅಂಟಾರ್ಕ್ಟಿಕಾಕ್ಕೆ ಹೊರಟಾಗ ಅಮೆರಿಕದ ಸ್ಕೌಟ್ ಹುಡುಗರಲ್ಲಿ ಒಬ್ಬನನ್ನು ಆರಿಸಿ ಜೊತೆಗೆ ಕರೆದುಕೊಂಡು ಹೋದ. ಆ ಹುಡುಗ ಪಾಲ್ ಸೈಪಲ್. ದೊಡ್ಡವನಾಗಿ, ವಿಜ್ಞಾನಿಯಾಗಿ ಅದೇ ಹಿಮಕ್ಕೆ ವಾಪಸ್ ಬಂದು, ಚಾರ್ಲ್ಸ್ ಪ್ಯಾಸೆಲ್ ಎಂಬ ಇನ್ನೊಬ್ಬನ ಜೊತೆ ಪ್ಲಾಸ್ಟಿಕ್ ಸಿಲಿಂಡರಿಗೆ ನೀರು ತುಂಬಿ ಗಾಳಿಗೆ ತೂಗುಹಾಕಿದ. ಎಷ್ಟು ಗಾಳಿಗೆ ನೀರು ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ಗಡಿಯಾರ ಹಿಡಿದು ನೋಡಿದ್ದೇ ಪ್ರಯೋಗ. 1945ರಲ್ಲಿ ಅದು ಅಚ್ಚಾಯಿತು. ಜಗತ್ತಿನ ಚಳಿದೇಶಗಳು ಅರ್ಧ ಶತಮಾನ ಆ ಸಿಲಿಂಡರಿನ ಆಧಾರದ ಮೇಲೆಯೇ ಮಫ್ಲರ್ ಕಟ್ಟಿಕೊಂಡವು.

ಕೆನಡಾದ ಬಯಲು ಪ್ರಾಂತ್ಯಗಳಲ್ಲಿ ಅದನ್ನು ಡಿಗ್ರಿಯಲ್ಲಿ ಹೇಳುತ್ತಲೂ ಇರಲಿಲ್ಲ. ಚದರ ಮೀಟರಿಗೆ ಇಷ್ಟು ವಾಟ್ ಶಾಖ ಹೋಗುತ್ತದೆ ಅಂತ ರೇಡಿಯೊದಲ್ಲಿ ಬರುತ್ತಿತ್ತು. ಅಲ್ಲಿನ ಹಳಬರಿಗೆ 1600 ಅಂದರೆ ಏನು, 2000 ಅಂದರೆ ಏನು ಎಂದು ಮೈಯಲ್ಲೇ ಗೊತ್ತಿತ್ತು. 2001ರಲ್ಲಿ ಲೆಕ್ಕ ಬದಲಾಯಿತು. ಟೊರೊಂಟೊದಲ್ಲಿ 12 ಜನ ಸ್ವಯಂಸೇವಕರ ಮುಖಕ್ಕೆ ಸೆನ್ಸರ್ ಅಂಟಿಸಿ, ತಣ್ಣನೆಯ ಗಾಳಿ ಸುರಂಗದಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸಿ, ಕೆನ್ನೆ ಮೂಗು ಗಲ್ಲ ಎಷ್ಟು ಬೇಗ ತಣ್ಣಗಾಗುತ್ತವೆ ಎಂದು ಅಳೆದರು. ನೀರಿನ ಕೊಳವೆಯ ಜಾಗಕ್ಕೆ ಮನುಷ್ಯರ ಮೂತಿ ಬಂತು. ಆ ಅಂಕಿಯನ್ನು ಕೆನಡಾದವರು ಡಿಗ್ರಿ ಚಿಹ್ನೆ ಹಾಕದೆ ಬರೆಯುತ್ತಾರೆ, ಯಾಕೆಂದರೆ ಅದು ಉಷ್ಣಾಂಶವೇ ಅಲ್ಲ. ಗಾಳಿ ಎಷ್ಟೇ ಬೀಸಲಿ, ಹೊರಗೆ ನಿಂತ ಕಾರು ಮೈನಸ್ 22ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಬೇಗ ಅಲ್ಲಿಗೆ ಇಳಿಯುತ್ತದೆ ಅಷ್ಟೇ. ಹೀಗಾಗಿ ಮಗಳು ಮಗುವಿಗೆ ಬಟ್ಟೆ ಹಾಕುವಾಗ ಒಂದು ಅಂಕಿ ನೋಡುತ್ತಾಳೆ, ಅಳಿಯ ಕಾರಿಗೆ ಇನ್ನೊಂದು ಅಂಕಿ ನೋಡುತ್ತಾನೆ.

ಕಾರಿನ ವಿಷಯ ಹೇಳಲೇಬೇಕು. ಅಲ್ಲಿ ಕಾರುಗಳ ಮೂತಿಯಿಂದ ಒಂದು ವೈರು, ತುದಿಯಲ್ಲಿ ಪ್ಲಗ್ಗು ಇಳಿಬಿದ್ದಿರುತ್ತದೆ. ನಾನು ಮೊದಲು ಎಲ್ಲವೂ ಕರೆಂಟಿನ ಕಾರು ಅಂದುಕೊಂಡೆ. ಅಲ್ಲ, ಪೆಟ್ರೋಲ್ ಕಾರುಗಳೇ. ಎಂಜಿನ್ನಿಗೆ ಒಂದು ಹೀಟರು ಕೂರಿಸಿರುತ್ತಾರೆ. ಹೊರಡುವ ಮೂರು ನಾಲ್ಕು ಗಂಟೆ ಮೊದಲೇ ಅದಕ್ಕೆ ಕರೆಂಟು ಕೊಡಬೇಕು. ಇಲ್ಲದಿದ್ದರೆ ಆಯಿಲು ಗಟ್ಟಿಯಾಗಿ, ಬ್ಯಾಟರಿ ಸೋತು, ಕೀ ತಿರುಗಿಸಿದರೆ ಒಂದು ನರಳಾಟ, ಆಮೇಲೆ ಅದೂ ಇಲ್ಲ. ಆಫೀಸುಗಳ ಪಾರ್ಕಿಂಗಿನಲ್ಲಿ ಸಾಲಾಗಿ ಪ್ಲಗ್ ಪಾಯಿಂಟುಗಳು. ಅಳಿಯ ಹಿಂದಿನ ರಾತ್ರಿಯೇ ಮುನ್ಸೂಚನೆ ನೋಡಿ ಟೈಮರ್ ಇಡುತ್ತಾನೆ. ಡಿಕ್ಕಿಯಲ್ಲಿ ಸಲಿಕೆ, ಕಂಬಳಿ, ಮೇಣದಬತ್ತಿ, ಬೆಂಕಿಪೊಟ್ಟಣ. ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಅಂತ. ರಸ್ತೆಗೆ ಉಪ್ಪು ಹಾಕುತ್ತಾರೆ ಎಂದು ಕೇಳಿದ್ದೆ; ಅಷ್ಟು ಚಳಿಯಲ್ಲಿ ಉಪ್ಪು ಕೆಲಸ ಮಾಡುವುದಿಲ್ಲವಂತೆ, ಮರಳು ಚೆಲ್ಲುತ್ತಾರೆ.

ನನಗೆ ನಿಜವಾಗಿ ಮಜಾ ಕೊಟ್ಟಿದ್ದು ಅಲ್ಲಿನ ಒಣಗು. ಕಾಫಿ ಬೆಳೆಯುವ ಮನೆಯವರ ತಲೆಯಲ್ಲಿ ವರ್ಷದ ಎರಡು ಮೂರು ತಿಂಗಳು ಒಣಗಿಸುವುದು ಬಿಟ್ಟು ಬೇರೆ ಇರುವುದಿಲ್ಲ. ಮೈನಸ್ 25ರ ಗಾಳಿಯಲ್ಲಿ ನೀರಿನ ಪಸೆಯೇ ಇರುವುದಿಲ್ಲ. ಅದನ್ನು ಮನೆಯೊಳಗೆ ತಂದು 21 ಡಿಗ್ರಿಗೆ ಕಾಯಿಸಿದರೆ ಸುತ್ತ ಇದ್ದುದರಿಂದೆಲ್ಲ ನೀರು ಹೀರಲು ಶುರುಮಾಡುತ್ತದೆ. ತುಟಿ ಒಡೆಯುತ್ತದೆ, ಮೂಗಿನಲ್ಲಿ ರಕ್ತ, ಬಾಗಿಲ ಹಿಡಿ ಮುಟ್ಟಿದರೆ ಚಟ್ ಅಂತ ಶಾಕು. ನಾನು ನೆಲದ ಮೇಲಿನ ಬಿಸಿಗಾಳಿಯ ಕಿಂಡಿ ಪಕ್ಕ ಒಂದು ತಟ್ಟೆ ಅಕ್ಕಿ ಸಂಡಿಗೆ ಇಟ್ಟು ನೋಡಿದೆ. ನಮ್ಮಲ್ಲಿ ಏಪ್ರಿಲ್ ಬಿಸಿಲಿನಲ್ಲಿ ಮಾಳಿಗೆ ಮೇಲೆ ಹಾಕಿ, ಕಾಗೆ ಕಾದು, ಸಂಜೆ ಮಳೆಗೆ ಹೆದರಿ ಎತ್ತಿ ಒಳಗಿಟ್ಟು ಪಡುವ ಪಾಡು ಇಲ್ಲವೇ ಇಲ್ಲ. ಮಾರನೇ ದಿನ ಬೆಳಿಗ್ಗೆಗೆ ಕಟಕಟ. ಹೊರಗೆ ಮೈನಸ್ 27, ಒಳಗೆ ಎಣ್ಣೆಯಲ್ಲಿ ಸಂಡಿಗೆ ಅರಳುತ್ತಿತ್ತು. ಅಳಿಯನ ಒದ್ದೆ ಪಂಚೆಯನ್ನು ಬಾಲ್ಕನಿಗೆ ಹಾಕಿದರೆ ಹಲಗೆಯಾಗಿ ನಿಲ್ಲುತ್ತದೆ. ಆದರೂ ನಿಧಾನಕ್ಕೆ ಒಣಗುತ್ತದೆ, ಮಂಜುಗಡ್ಡೆ ನೀರಾಗದೆ ನೇರ ಆವಿಯಾಗುತ್ತದೆ. ಈ ಊರಿನಲ್ಲಿ ಒಂದು ಕಣ ಮಾಡಿದರೆ ಹೇಗಿರುತ್ತದೆ ಎಂದು ನಮ್ಮ ಮನೆಯವರಿಗೆ ಫೋನಿನಲ್ಲಿ ಹೇಳಿದೆ. "ಹಣ್ಣು ಹರವೋಕೆ ಆಳು ಎಲ್ಲಿಂದ ತರ್ತೀಯ?" ಅಂದರು.

ಅಷ್ಟಾದರೂ ವಿನ್ನಿಪೆಗ್ ಚಳಿಯ ಲೋಕದಲ್ಲಿ ದೊಡ್ಡ ಹೆಸರಲ್ಲ. ಅದರ ಸಾರ್ವಕಾಲಿಕ ದಾಖಲೆ 1879ರ ಡಿಸೆಂಬರಿನ ಮೈನಸ್ 47.8. ರಷ್ಯಾದ ಯಾಕೂಟಿಯಾದಲ್ಲಿ ಓಯ್ಮ್ಯಾಕಾನ್ ಎಂಬ ಹಳ್ಳಿ ಇದೆ, ಅಲ್ಲಿ 1933ರ ಫೆಬ್ರವರಿಯಲ್ಲಿ ಮೈನಸ್ 67.7 ದಾಖಲಾಗಿದೆ. ಅಲ್ಲಿ ಪಾದರಸದ ಥರ್ಮಾಮೀಟರು ಉಪಯೋಗಕ್ಕಿಲ್ಲ, ಪಾದರಸವೇ ಮೈನಸ್ 38.8ಕ್ಕೆ ಗಟ್ಟಿಯಾಗುತ್ತದೆ. ಆಲ್ಕೋಹಾಲಿನದು ಬೇಕು. ಆ ಪ್ರಾಂತ್ಯದ ರಾಜಧಾನಿ ಯಾಕೂಟ್ಸ್ಕ್ ಮೂರು ಲಕ್ಷಕ್ಕೂ ಹೆಚ್ಚು ಜನರಿರುವ ಊರು. ಕೆಳಗಿನ ನೆಲ ವರ್ಷವಿಡೀ ಹೆಪ್ಪುಗಟ್ಟಿರುವುದರಿಂದ ಮನೆಗಳನ್ನು ಕಂಬಗಳ ಮೇಲೆ ಕಟ್ಟುತ್ತಾರೆ. ನೆಲಕ್ಕೆ ತಾಗಿಸಿ ಕಟ್ಟಿದರೆ ಮನೆಯ ಬಿಸಿಗೆ ನೆಲ ಕರಗಿ ಮನೆಯೇ ವಾಲುತ್ತದೆ. ಸಂತೆಯಲ್ಲಿ ಮೀನನ್ನು ಬಾಲ ಕೆಳಗೆ ಮಾಡಿ ಸೌದೆಯಂತೆ ಸಾಲಾಗಿ ನಿಲ್ಲಿಸಿರುತ್ತಾರೆ. ಫ್ರಿಜ್ಜು ಯಾಕೆ ಬೇಕು? ಹೊರಗೆ ನಿಲ್ಲಿಸಿದ ಕಾರಿನ ಎಂಜಿನ್ ಆರಿಸದೆ ಗಂಟೆಗಟ್ಟಲೆ ಓಡಿಸುತ್ತಲೇ ಇರುವವರೂ ಇದ್ದಾರೆ. ಆ ಹೊಗೆ, ಮನೆಗಳ ಹೊಗೆ, ಜನರ ಉಸಿರು ಎಲ್ಲ ಸೇರಿ ಊರ ಮೇಲೆ ಹಿಮದ ಮಂಜು ಕವಿದು ಎದುರಿಗಿದ್ದವರು ಕಾಣುವುದಿಲ್ಲ.

ಓಯ್ಮ್ಯಾಕಾನ್ ಅಷ್ಟು ತಣ್ಣಗಿರಲು ಕಾರಣ ಅದು ತಗ್ಗಿನಲ್ಲಿರುವುದು. ಸುತ್ತ ಬೆಟ್ಟ, ತಣ್ಣನೆಯ ಗಾಳಿ ಭಾರವಾದ್ದರಿಂದ ಇಳಿದು ಬಂದು ತಳದಲ್ಲಿ ನಿಲ್ಲುತ್ತದೆ, ಕದಲುವುದಿಲ್ಲ. ಬೆಟ್ಟದ ಮೇಲೆ ಹೋದರೆ ಬೆಚ್ಚಗೆ. ನಮ್ಮ ಗದ್ದೆ ಬಯಲಿನಲ್ಲಿ ಜನವರಿ ಮುಂಜಾನೆ ಮಂಜು ಮಡುಗಟ್ಟಿ ನಿಂತಿರುವಾಗ ಮೇಲಿನ ತೋಟದ ಮನೆಗೆ ಬಿಸಿಲು ಬಂದಿರುತ್ತದಲ್ಲ, ಅದೇ ಏರ್ಪಾಡು, ಅಳತೆ ಮಾತ್ರ ಬೇರೆ. ನಮ್ಮ ಸಿದ್ದಣ್ಣ ಬೆಳಿಗ್ಗೆ ಗದ್ದೆಯಿಂದ ಮೇಲೆ ಬಂದವನು "ಕೆಳಗೆ ಕೈ ಕೊರೀತದೆ ಅಮ್ಮಾವ್ರೇ, ಇಲ್ಲಿ ಏನೂ ಇಲ್ಲ" ಅನ್ನುತ್ತಾನೆ. ಆ್ಯಪ್‌ನಲ್ಲಿ ಗದ್ದೆಗೂ ಮನೆಗೂ ಒಂದೇ ಅಂಕಿ.

ಮುನ್ಸೂಚನೆಯ ಬಗ್ಗೆ ನನಗೆ ಇರುವ ತಕರಾರು ಇಲ್ಲಿಂದ ಶುರುವಾಗುತ್ತದೆ. ವಿನ್ನಿಪೆಗ್‌ನಲ್ಲಿ ಆ್ಯಪ್ ಐದು ದಿನ ಮೊದಲು "ಮಂಗಳವಾರದಿಂದ ಚಳಿ" ಅಂದರೆ ಮಂಗಳವಾರದಿಂದ ಚಳಿ. ಮಗಳು ಅದನ್ನು ನಂಬಿ ತರಕಾರಿ ತಂದಿಟ್ಟುಕೊಳ್ಳುತ್ತಾಳೆ. ಇಲ್ಲಿ ಮಾರ್ಚ್ ತಿಂಗಳಲ್ಲಿ ಅದೇ ಆ್ಯಪ್ "ಸಂಜೆ ನಾಲ್ಕಕ್ಕೆ ಮಳೆ" ಅಂದರೆ ನಮ್ಮ ಮನೆಯವರು ಆಕಾಶ ನೋಡಿ ನಗುತ್ತಾರೆ. ಅಲ್ಲಿನವರು ಬುದ್ಧಿವಂತರು, ನಮ್ಮವರು ದಡ್ಡರು ಅಂತಲ್ಲ. ಎರಡಕ್ಕೂ ಲೆಕ್ಕ ಹಾಕುವುದು ಬಹುಮಟ್ಟಿಗೆ ಅವೇ ಯಂತ್ರಗಳು. ಯುರೋಪಿನ ದೇಶಗಳು ಸೇರಿ 1975ರಲ್ಲಿ ಕಟ್ಟಿದ ಮುನ್ಸೂಚನಾ ಕೇಂದ್ರದ ಲೆಕ್ಕ, ಅಮೆರಿಕದವರ ಲೆಕ್ಕ. ನಾರ್ವೆಯ ಹವಾಮಾನ ಸಂಸ್ಥೆ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯ ಜೊತೆ 2007ರಲ್ಲಿ ಶುರುಮಾಡಿದ ಯರ್ ಎಂಬ ಆ್ಯಪ್ ಆಗಲಿ, ನಮ್ಮ ಪ್ಲಾಂಟರುಗಳು ಬೆರಳಿನಲ್ಲಿ ಎಳೆದಾಡುವ ವಿಂಡಿ ಎಂಬ ಆ್ಯಪ್ ಆಗಲಿ, ನಮ್ಮ ಊರಿಗೆ ಹೇಳುವುದು ಇಂಥ ಲೆಕ್ಕಗಳ ಮೇಲೆ ನಿಂತು.

ಆ ಲೆಕ್ಕ ಭೂಮಿಯನ್ನು ಚೌಕ ಚೌಕ ಮಾಡಿಕೊಳ್ಳುತ್ತದೆ. ಯುರೋಪಿನ ಜಾಗತಿಕ ಲೆಕ್ಕದಲ್ಲಿ ಒಂದು ಚೌಕದ ಬದಿ ಸುಮಾರು 9 ಕಿ.ಮೀ. ಧ್ರುವದಿಂದ ಇಳಿಯುವ ಚಳಿ ಸಾವಿರಾರು ಕಿ.ಮೀ. ಅಗಲದ ಪ್ರಾಣಿ, ಅದು ಯಾವ ಚೌಕದಿಂದಲೂ ತಪ್ಪಿಸಿಕೊಳ್ಳಲಾರದು. ನಮ್ಮ ಮುಂಗಾರುಪೂರ್ವದ ಗುಡುಗು ಮಳೆ ಒಂದು ಗುಡ್ಡದ ಬೆನ್ನ ಮೇಲೆ ಹುಟ್ಟಿ ಮುಂದಿನ ಗುಡ್ಡದ ಮೇಲೆ ಸಾಯುತ್ತದೆ. ಕೊಟ್ಟಿಗೆಹಾರದ ದಿಣ್ಣೆ ಮತ್ತು ಚಾರ್ಮಾಡಿ ಘಾಟಿಯ ಪಾತಾಳ ಒಂದೇ ಚೌಕದಲ್ಲಿ ಬಿದ್ದರೆ ಯಂತ್ರಕ್ಕೆ ಅದು ಒಂದು ಸಾಧಾರಣ ಇಳಿಜಾರು. ಮಳೆಗಾಲದ ದೊಡ್ಡ ವಾಯುಭಾರ ಕುಸಿತವನ್ನೋ, ಕೊಯ್ಲಿನ ಹೊತ್ತಿಗೆ ಬಂಗಾಳಕೊಲ್ಲಿಯಿಂದ ಬರುವ ಚಂಡಮಾರುತದ ಮಳೆಯನ್ನೋ ಅದು ದಿನಗಳ ಮೊದಲೇ ಹೇಳುತ್ತದೆ, ಚೆನ್ನಾಗಿಯೇ ಹೇಳುತ್ತದೆ. ಕಣದಲ್ಲಿದ್ದ ಹಣ್ಣಿನ ರಾಶಿಗೆ ಟಾರ್ಪಾಲು ಮುಚ್ಚಿ ಉಳಿಸಿಕೊಂಡವರು ನಮ್ಮ ಸುತ್ತ ಬೇಕಾದಷ್ಟಿದ್ದಾರೆ. ಎಡವುವುದು ಹೂಮಳೆಯ ಹತ್ತಿರ.

ಹೂಮಳೆ ಗೊತ್ತಿಲ್ಲದವರಿಗೆ: ರೊಬಸ್ಟಾ ಕಾಫಿ ಗಿಡ ಫೆಬ್ರವರಿ, ಮಾರ್ಚಿನಲ್ಲಿ ಮೊಗ್ಗು ಹೊತ್ತು ನೀರಿಗೆ ಕಾಯುತ್ತಿರುತ್ತದೆ. ಒಂದು ಇಂಚು, ಅದರ ಮೇಲೆ ಬಿದ್ದರೆ ಒಂದು ವಾರ, ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ. ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು, ಹಗಲು ರಾತ್ರಿ ಡೀಸೆಲ್ ಸುಡಬೇಕು, ಪೈಪು ಜೋಡಿಸಲು ಆಳು ಬೇಕು. ಇವತ್ತು ನೀರು ಹೊಡೆದು ನಾಳೆ ಮಳೆ ಬಂದರೆ ದುಡ್ಡು ಮಣ್ಣು. ಮಳೆ ಬರುತ್ತೆ ಅಂತ ಕಾದು ಬಾರದಿದ್ದರೆ ಮೊಗ್ಗು ಒಣಗಿತು. ಇವೆರಡಕ್ಕಿಂತ ಕೆಟ್ಟದ್ದು ಇಪ್ಪತ್ತು ಮೂವತ್ತು ಸೆಂಟ್ಸ್ (ನೂರು ಸೆಂಟ್ಸ್ ಅಂದರೆ ಒಂದು ಇಂಚು) ಬಿದ್ದು ನಿಲ್ಲುವುದು. ಮೊಗ್ಗು ಅರ್ಧ ಎಚ್ಚರಾಗಿ ಬಿಸಿಲಿಗೆ ಸೀಯುತ್ತದೆ, ಬೆನ್ನಿಗೇ ಸ್ಪ್ರಿಂಕ್ಲರ್ ಎಳೆಯಬೇಕು. ಹೂ ಬಿರಿದ ದಿನವೇ ಮಳೆ ಹೊಡೆದರೆ ಪರಾಗ ಕೊಚ್ಚಿಕೊಂಡು ಹೋಗುತ್ತದೆ. ಈ ಇಡೀ ತಲೆನೋವಿಗೆ ಆ್ಯಪ್ ಕೊಡುವ ಉತ್ತರ ಒಂದು ಮೋಡ, ಮೂರು ಹನಿ, ಪಕ್ಕದಲ್ಲಿ ಶೇಕಡಾ 40.

ಹಾಗಾಗಿ ಇಲ್ಲಿ ಮುನ್ಸೂಚನೆ ಎನ್ನುವುದು ಹಲವು ಕಡೆಯಿಂದ ಬರುತ್ತದೆ. ಆ್ಯಪ್ ಒಂದು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರಕ್ಕೆ ಫೋನ್ ಮಾಡಿದರೆ ಮನುಷ್ಯರೇ ಮಾತಾಡುತ್ತಾರೆ. ಪಂಚಾಯಿತಿ ಮಟ್ಟದ ಮಳೆ ಮಾಪಕಗಳ ಲೆಕ್ಕ ಅವರ ಕೈಯಲ್ಲಿರುತ್ತದೆ. ಪ್ಲಾಂಟರುಗಳ ವಾಟ್ಸಾಪ್ ಗುಂಪಿನಲ್ಲಿ ಸಂಜೆ ಆರರಿಂದ ಇಂಚಿನ ಲೆಕ್ಕದಲ್ಲಿ "ನಮ್ಮಲ್ಲಿ 0.85", "ಬಣಕಲ್ ಕಡೆ 1.20", "ಇಲ್ಲಿ ಬರೀ ಗುಡುಗು" ಶುರುವಾಗುತ್ತದೆ. ಮಳೆ ಎತ್ತ ನಡೆಯುತ್ತಿದೆ ಅನ್ನುವುದು ಅದನ್ನು ಓದುತ್ತ ಹೋದರೆ ತಿಳಿಯುತ್ತದೆ, ಯಾವ ರೇಡಾರಿಗೂ ಕಡಿಮೆ ಇಲ್ಲ. ಇನ್ನು ಮಾವನವರ ಮಳೆ ಪುಸ್ತಕ. ಬೆಳಿಗ್ಗೆ ಎಂಟಕ್ಕೆ ಅಂಗಳದ ಮಾಪಕ ಬಗ್ಗಿಸಿ, ಇಂಚು ಸೆಂಟ್ಸ್ ಲೆಕ್ಕದಲ್ಲಿ ಬರೆದಿಟ್ಟ ಉದ್ದ ಪುಸ್ತಕಗಳು, ಪಕ್ಕದಲ್ಲಿ ಮಳೆನಕ್ಷತ್ರದ ಹೆಸರು. ಕೆಲವು ಪುಟಗಳಲ್ಲಿ ಭರಣಿಗೆ ಎದುರಾಗಿ ಬರೀ ಒಂದು ಗೀಟು. "ಭರಣಿ ಮಳೆ ಬಂದರೆ ಧರಣಿ ಬೆಳೆ" ಎಂದು ಹೇಳಿಕೊಂಡೇ ಆ ಗೀಟು ಎಳೆದಿರಬೇಕು ಅವರು. ಆ ಪುಸ್ತಕ ನಾಳೆಯ ಬಗ್ಗೆ ಏನೂ ಹೇಳುವುದಿಲ್ಲ. ಆದರೆ ಏಪ್ರಿಲ್ ಮೊದಲ ವಾರಕ್ಕೂ ಮಳೆ ಬಾರದ ವರ್ಷಗಳು ಹಿಂದೆಯೂ ಇದ್ದವು ಎಂದು ತೋರಿಸಿ ನಮ್ಮ ಮನೆಯವರನ್ನು ರಾತ್ರಿ ನಿದ್ದೆ ಮಾಡಿಸುತ್ತದೆ. ಯಾವ ಆ್ಯಪ್ ಇಷ್ಟು ಮಾಡೀತು?

ಮಗಳ ಊರಿನಲ್ಲಿ ಏಪ್ರಿಲ್ ಬಂದರೆ ಆ್ಯಪ್ ನೋಡುವುದು ನಿಲ್ಲುತ್ತದೆ ಅಂದುಕೊಂಡಿದ್ದೆ. ನಿಲ್ಲುವುದಿಲ್ಲ, ಊರು ಬದಲಾಗುತ್ತದೆ. ವಿನ್ನಿಪೆಗ್ ಮಧ್ಯೆ ಹರಿಯುವ ರೆಡ್ ನದಿ ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತದೆ. ಮೇಲ್ದಂಡೆ ದಕ್ಷಿಣದಲ್ಲಿ, ಅಮೆರಿಕದ ನೆಲದಲ್ಲಿ. ಅಲ್ಲಿ ಹಿಮ ಮೊದಲು ಕರಗುತ್ತದೆ, ಕೆಳಗೆ ಉತ್ತರದಲ್ಲಿ ನದಿ ಇನ್ನೂ ಗಡ್ಡೆ ಕಟ್ಟಿರುತ್ತದೆ, ನೀರಿಗೆ ಹೋಗಲು ದಾರಿಯಿಲ್ಲದೆ ಆ ಚಪ್ಪಟೆ ನೆಲದ ಮೇಲೆಲ್ಲ ಹರಡುತ್ತದೆ. 1950ರಲ್ಲಿ ಹೀಗೆ ಊರಿಗೆ ನೀರು ನುಗ್ಗಿ ಲಕ್ಷದಷ್ಟು ಜನ ಮನೆ ಬಿಟ್ಟರು. ಆಮೇಲೆ ಊರನ್ನು ಬಳಸಿಕೊಂಡು 47 ಕಿ.ಮೀ. ಉದ್ದದ ಒಂದು ಕಾಲುವೆ ತೋಡಿದರು, 1968ರಲ್ಲಿ ಮುಗಿಯಿತು. ದುಂದುವೆಚ್ಚ ಎಂದು ಬೈಸಿಕೊಂಡ ಆ ಕಾಲುವೆಯೇ 1997ರ ಮಹಾ ಪ್ರವಾಹದಲ್ಲಿ ಊರನ್ನು ಉಳಿಸಿತು. ಹೀಗಾಗಿ ಏಪ್ರಿಲ್‌ನಲ್ಲಿ ಮಗಳ ಫೋನಿನಲ್ಲಿ ಮೇಲ್ದಂಡೆಯ ಫಾರ್ಗೋ ಊರಿನ ಹವಾಮಾನ ಇರುತ್ತದೆ. ಅಲ್ಲಿ ಎಷ್ಟು ಬಿಸಿಲು, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೋ ಇಲ್ಲವೋ, ಮೇಲೆ ಮಳೆ ಬೇರೆ ಬೀಳುತ್ತದೋ.

ಇದನ್ನು ನಾದಿನಿಗೆ ಹೇಳಿದರೆ ಅವಳಿಗೇನೂ ಆಶ್ಚರ್ಯವಾಗಲಿಲ್ಲ. ಜುಲೈ ಬಂದರೆ ಹಾಸನದಲ್ಲಿ ಕೂತು ಅವಳು ನೋಡುವುದೂ ಹಾಸನದ ಮಳೆಯನ್ನಲ್ಲ. ಹೇಮಾವತಿ ಹುಟ್ಟುವುದು ನಮ್ಮ ತಾಲ್ಲೂಕಿನ ಜಾವಳಿಯಲ್ಲಿ, ನೀರು ನಿಲ್ಲುವುದು ಅವರ ಗೊರೂರಿನ ಅಣೆಕಟ್ಟೆಯಲ್ಲಿ. "ನಿಮ್ಮಲ್ಲಿ ಹೆಂಗೆ ಅತ್ತಿಗೆ, ಹಿಡ್ಕೊಂಡಿದ್ಯಾ?" ಅಂತ ದಿನಾ ಸಂಜೆ ಫೋನು. ನಾನು ಅಂಗಳಕ್ಕೆ ಹೋಗಿ ನೋಡಿ ಹೇಳುತ್ತೇನೆ, ಅವಳು ಅದನ್ನು ತನ್ನ ಬೀದಿಗೆಲ್ಲ ಹೇಳುತ್ತಾಳೆ.